ಕೀಲಿ ಹೋಗಿ ಕೀಮ್ಯಾನ್ ಉಳಿದ ಕಥೆ

ಹುಣ್ಣಿಮೆಯ ಮುಂಜಾನೆ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದವರ ಕಣ್ಣು ಮೊದಲು ಹುಡುಕುವುದು ದೇವಲ ಗಾಣಗಾಪುರಕ್ಕೆ ಹೋಗುವ ಬಸ್ಸನ್ನೋ ಟಂಟಂ ಗಾಡಿಯನ್ನೋ. ದತ್ತನ ಪಾದುಕೆಯ ದರ್ಶನ ಆಗಬೇಕು, ಭೀಮಾ–ಅಮರ್ಜಾ ಸಂಗಮದಲ್ಲಿ ಮುಳುಗು ಹಾಕಬೇಕು, ಬಿಸಿಲೇರುವ ಮೊದಲೇ ಊರು ಮುಟ್ಟಬೇಕು. ಅದೇ ಹೊತ್ತಿಗೆ ಪ್ಲಾಟ್‌ಫಾರ್ಮಿನ ತುದಿಯಾಚೆ ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದ ನೌಕರರೊಬ್ಬರು ಹಳಿಯ ಮಗ್ಗುಲಲ್ಲೇ ತಲೆ ತಗ್ಗಿಸಿ ನಡೆದಿರುತ್ತಾರೆ. ಅವರನ್ನು ಯಾರೂ ನೋಡುವುದಿಲ್ಲ. ಅವರು ಮಾತ್ರ ನಾವು ಈಗಷ್ಟೇ ದಾಟಿ ಬಂದ ಹಳಿಯ ಕೆಳಗಿನ ಒಂದೊಂದು ಸ್ಲೀಪರನ್ನೂ ನೋಡುತ್ತಾ ಹೋಗುತ್ತಾರೆ.

ಅವರ ಹುದ್ದೆಯ ಹೆಸರು ಕೀಮ್ಯಾನ್. ಹೆಸರಿನೊಳಗಿನ ‘ಕೀ’ ಬಾಗಿಲ ಬೀಗಕ್ಕೆ ಸೇರಿದ್ದಲ್ಲ. ಹಳಿ ಅಲುಗದಂತೆ, ಹೊರಳದಂತೆ ಹಿಡಿದಿಡಲು ಹೊಡೆಯುತ್ತಿದ್ದ ಬೆಣೆ ಅದು. ಇವತ್ತು ಮುಖ್ಯ ಮಾರ್ಗದ ಮೈಲಿಗಟ್ಟಲೆ ಹಾದಿಯಲ್ಲಿ ಹುಡುಕಿದರೂ ಅಂಥ ಬೆಣೆ ಸಿಗದು. ಬೆಣೆ ಹೋದ ಮೇಲೂ ಅದನ್ನು ಬಡಿಯುತ್ತಿದ್ದ ಮನುಷ್ಯನ ಹೆಸರು ಉಳಿಯಿತು, ನಡಿಗೆಯೂ ಉಳಿಯಿತು.

ಆಳಂದ, ಅಫಜಲಪುರ, ಜೇವರ್ಗಿ – ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲ. ಮುಂಬೈ–ಚೆನ್ನೈ ಮುಖ್ಯ ಮಾರ್ಗ ಸೊಲ್ಲಾಪುರದಿಂದ ದುಧನಿ, ಕುಲಾಲಿ, ಗಾಣಗಾಪುರ ರೋಡ್, ಸಾವಳಗಿ ದಾಟಿ ಕಲಬುರಗಿಗೆ ಬರುತ್ತದೆ. ಅಲ್ಲಿಂದ ಶಹಾಬಾದ್, ವಾಡಿ, ಯಾದಗಿರಿ ಹಿಡಿದು ರಾಯಚೂರಿಗೆ ಇಳಿಯುತ್ತದೆ. ಆಳಂದದವರು ಸುಮಾರು 40 ಕಿಲೊಮೀಟರ್ ಬಸ್ಸಿನಲ್ಲಿ ಕೂತು ಕಲಬುರಗಿ ಸ್ಟೇಷನ್ ಸೇರಬೇಕು. ಜೇವರ್ಗಿಯವರು ಭೀಮಾ ಸೇತುವೆ ದಾಟಿ ಬರಬೇಕು. ಆಳಂದದ ಮೇಲೆ ಲಾತೂರಿಗೆ ಹಳಿ ಹಾಸಬೇಕೆಂಬ ಬೇಡಿಕೆ ಹಳೆಯದು. ಜೇವರ್ಗಿಯ ಕಟ್ಟೆಗಳಲ್ಲೂ ರೈಲಿನ ಮಾತು ನಿಂತಿಲ್ಲ. ಆ ಬೇಡಿಕೆ ನ್ಯಾಯವಾದದ್ದು. ಆದರೆ ಬೇಡಿಕೆ ಪತ್ರಗಳಲ್ಲಿ ಹಳಿ ಎಂದರೆ ನಕಾಶೆಯ ಮೇಲೆ ಎಳೆದ ಗೆರೆ. ಈ ನೆಲದ ಮೇಲೆ ಅದೇ ಹಳಿ ದಿನಾ ಸರಿಯಲು, ಉಬ್ಬಲು, ವಾಲಲು ನೋಡುವ ಉಕ್ಕು. ಅದನ್ನು ತಡೆದು ನಿಲ್ಲಿಸುವುದು ಅಂಗೈಯಗಲದ ಒಂದು ಕಬ್ಬಿಣದ ತುಂಡು.

ಹಳಿ ವಾಲುವುದು ಎಂದರೇನು? ಇಂದು ಮುಖ್ಯ ಮಾರ್ಗಗಳಲ್ಲಿ ಹಾಸುವ ಹಳಿ ಮೀಟರಿಗೆ 60 ಕಿಲೊ ತೂಗುತ್ತದೆ. ಅದರ ಎತ್ತರ 172 ಮಿಲಿಮೀಟರ್, ಪಾದದ ಅಗಲ 150. ಅಗಲಕ್ಕಿಂತ ಎತ್ತರವೇ ಹೆಚ್ಚು. ಗಾಡಿ ತಿರುವಿಗೆ ಬಂದಾಗ ಚಕ್ರದ ಒಳಅಂಚು ಹೊರಗಿನ ಹಳಿಯ ತಲೆಯನ್ನು ಆಚೆಗೆ ನೂಕುತ್ತದೆ, ಅದೇ ಚಕ್ರದ ಭಾರ ಹಳಿಯನ್ನು ಕೆಳಗೆ ಅದುಮುತ್ತದೆ. ನೂಕು ಗೆದ್ದರೆ ಹಳಿ ತನ್ನ ಪಾದದ ಹೊರಅಂಚಿನ ಮೇಲೆ ಹೊರಳುತ್ತದೆ, ಅದುಮು ಗೆದ್ದರೆ ನಿಲ್ಲುತ್ತದೆ. ಭಾರ ಹಳಿತಲೆಯ ನಟ್ಟನಡುವೆ ಬಿದ್ದರೆ ಪಾದದ ಅರ್ಧ ಅಗಲವಾದ 75ನ್ನು 172ರಿಂದ ಭಾಗಿಸಿ ನೋಡಿ: ನೂಕು ಭಾರದ ಶೇ 44 ಮುಟ್ಟಿತೆಂದರೆ ಏನೂ ಹಿಡಿದಿರದ ಹಳಿ ಉರುಳಲು ಸಿದ್ಧ. ಭಾರ ತಲೆಯ ಒಳಮೂಲೆಯ ಮೇಲೆ ಬಿದ್ದರೆ ಶೇ 60ರ ಆಚೆಗೂ ತಡೆದೀತು. ತುಂಬಿದ ಗೂಡ್ಸಿನ ಒಂದು ಅಚ್ಚಿನ ಮೇಲೆ ಸುಮಾರು 23 ಟನ್, ಅಂದರೆ ಒಂದು ಚಕ್ರಕ್ಕೆ ಹನ್ನೊಂದೂವರೆ ಟನ್. ವಾಡಿ, ಶಹಾಬಾದ್ ಕಡೆಯಿಂದ ಸಿಮೆಂಟು ಹೊತ್ತ ವ್ಯಾಗನ್‌ಗಳು ಒಂದರ ಹಿಂದೊಂದು ಬರುವಾಗ ಈ ಲೆಕ್ಕ ಪ್ರತಿ ಚಕ್ರಕ್ಕೂ ಹೊಸದಾಗಿ ಶುರುವಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮಣ್ಣಿನ ಗೋಡೆ ಆಚೆಗೆ ಬಾಗಿದರೆ ಹೊರಗಿನಿಂದ ಒಂದು ತೊಲೆಯನ್ನು ಓರೆಯಾಗಿ ಆನಿಸಿ ನಿಲ್ಲಿಸುತ್ತಾರೆ. ರೈಲು ಎಂಜಿನಿಯರುಗಳಿಗೂ ಮೊದಲು ಹೊಳೆದದ್ದು ಇದೇ ಉಪಾಯ. ಮರದ ಸ್ಲೀಪರಿನ ಕಾಲದಲ್ಲಿ ಹಳಿಯನ್ನು ಹಿಡಿಯುತ್ತಿದ್ದದ್ದು ನಾಯಿತಲೆಯಂಥ ನೆತ್ತಿಯ ದಪ್ಪ ಮೊಳೆ, ಡಾಗ್ ಸ್ಪೈಕ್. ಭಾರ ಬಿದ್ದು ಬಿದ್ದು ಮೊಳೆಯ ತೂತು ಅಗಲವಾಗುತ್ತದೆ, ಮರ ಮೆತ್ತಗಾಗುತ್ತದೆ, ಹಳಿ ಕತ್ತು ಹೊರಳಿಸುತ್ತದೆ. ಅದಕ್ಕೆ ತಿರುವುಗಳಲ್ಲಿ ಹಳಿಯ ಹೊರಮಗ್ಗುಲಿಗೆ ತ್ರಿಕೋನಾಕಾರದ ಒಂದು ಆನಿಕೆ ಕೂರಿಸಿದರು. ಅದರ ಬೆನ್ನು ಹಳಿಯ ನಡುವಿಗೂ ತಲೆಯ ಕೆಳಗೂ ಒತ್ತಿ ಕೂರುತ್ತದೆ, ಬುಡವನ್ನು ಸ್ಲೀಪರಿಗೆ ಮೊಳೆ ಹೊಡೆದು ಬಿಗಿಯುತ್ತಾರೆ. ಇದೇ ರೈಲ್ ಬ್ರೇಸ್. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಇದರ ಬಗೆಬಗೆಯ ರೂಪಗಳಿಗೆ ಪೇಟೆಂಟುಗಳಾದವು. ಗಾಡಿ ಹಳಿ ಬದಲಿಸುವ ಪಾಯಿಂಟುಗಳಲ್ಲಿ ಈ ಜಾತಿಯ ಆಸರೆ ಇಂದಿಗೂ ಬೇಕು: ಅಲುಗುವ ನಾಲಗೆಹಳಿಗೆ ಜಾಗ ಬಿಡಬೇಕಾದ್ದರಿಂದ ಪಕ್ಕದ ಹಳಿಯನ್ನು ಒಳಗಿನಿಂದ ಹಿಡಿಯಲು ಬರುವುದಿಲ್ಲ, ಹೊರಗಿನಿಂದಲೇ ಆನಿಸಬೇಕು.

ಕಲಬುರಗಿ ಸೀಮೆಗೆ ರೈಲು ಬಂದದ್ದು ಬೇರೊಂದು ಬಗೆಯ ಹಿಡಿತದೊಂದಿಗೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿಸಿ, 1860ಕ್ಕೆ ಸೊಲ್ಲಾಪುರ ಮುಟ್ಟಿತು. ಆಗ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಎರೆ ಹೊಲಗಳನ್ನು ಸೀಳಿಕೊಂಡು 1871ರಲ್ಲಿ ರಾಯಚೂರು ಸೇರಿ, ಅತ್ತಲಿಂದ ಬಂದ ಮದ್ರಾಸ್ ರೈಲ್ವೆಯ ಹಳಿಗೆ ಕೈ ಜೋಡಿಸಿತು. ಆ ಕಂಪನಿ ಬಳಸಿದ್ದು ಮೇಲೂ ಕೆಳಗೂ ತಲೆಯಿದ್ದ ಜೋಡಿತಲೆ ಹಳಿ. ಅದಕ್ಕೆ ಪಾದವೇ ಇಲ್ಲದ್ದರಿಂದ ತಾನಾಗಿ ನಿಲ್ಲಲಾರದು. ಎರಕದ ಕಬ್ಬಿಣದ ‘ಚೇರ್’ ಒಳಗೆ ಅದನ್ನು ಕೂರಿಸಿ, ಬದಿಯಲ್ಲಿ ಉಳಿಯುವ ಸಂದಿಗೆ ಮರದ ಬೆಣೆ ಬಡಿದು ಬಿಗಿಯಬೇಕು. ಆ ಬೆಣೆಯೇ ಕೀ. ಬಿಸಿಲಿಗೆ ಮರ ಒಣಗಿದರೆ ಕೀ ಸಡಿಲಾಗುತ್ತದೆ, ಗಾಡಿಯ ಅದುರಿಗೆ ಜಾರಿ ಬೀಳುತ್ತದೆ. ಬಿದ್ದದ್ದನ್ನು ದಿನಾ ಹುಡುಕಿ ಮತ್ತೆ ಬಡಿಯುವವರೊಬ್ಬರು ಬೇಕೇ ಬೇಕಾಯಿತು.

ಮರವನ್ನು ಗೆದ್ದಲು ತಿನ್ನುವ ನಾಡಿನಲ್ಲಿ ಕಬ್ಬಿಣದ ಸ್ಲೀಪರು ಬೇಗ ಬೇರೂರಿತು. 1846ರಲ್ಲಿ ಇಂಗ್ಲೆಂಡಿನ ಗ್ರೀವ್ಸ್ ಪೇಟೆಂಟ್ ಪಡೆದ, ಬೋಗುಣಿ ಬೋರಲು ಹಾಕಿದಂಥ ‘ಪಾಟ್’ ಸ್ಲೀಪರು ಭಾರತದಲ್ಲಿ ಬಹುಕಾಲ ಬಾಳಿತು. ಆಮೇಲೆ ಬಂದ ಸಿ.ಎಸ್.ಟಿ.-9 ಎಂಬ ಎರಕದ ಸ್ಲೀಪರು ಇಪ್ಪತ್ತನೇ ಶತಮಾನದ ಬಹುಪಾಲನ್ನು ಹೊತ್ತಿತು. ಅದರಲ್ಲೂ ಹಳಿಯ ಪಾದವನ್ನು ಕಿವಿಯಂಥ ಚಾಚಿನ ಕೆಳಗೆ ತೂರಿಸಿ ಉಕ್ಕಿನ ಕೀ ಬಡಿಯುತ್ತಿದ್ದರು. ಎತ್ತಿನ ಬಂಡಿಯ ಕಡೆಗೀಲನ್ನು ಕಂಡ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಅಚ್ಚಿನ ತುದಿಯ ಬೆರಳುದ್ದದ ಕೀಲು ಕಳಚಿದರೆ ಗಾಲಿ ಎಲ್ಲಿ ಬೀಳುತ್ತದೆಂಬುದು ಅವರಿಗೆ ಗೊತ್ತಿತ್ತು.

ಎಲ್ಲವನ್ನೂ ಬದಲಿಸಿದ್ದು ಒಂದು ಸುರುಳಿ. ನಾರ್ವೆಯ ಎಂಜಿನಿಯರ್ ಪೇರ್ ಪಾಂಡೆ-ರೋಲ್ಫ್‌ಸೆನ್ 1950ರ ದಶಕದ ಕೊನೆಯಲ್ಲಿ ಉಕ್ಕಿನ ಸರಳೊಂದನ್ನು ಬಗ್ಗಿಸಿ, ಸ್ಪ್ರಿಂಗಿನಂತೆ ಹಳಿಯ ಪಾದವನ್ನು ಸದಾ ಅದುಮುವ ಕ್ಲಿಪ್ಪು ರೂಪಿಸಿದರು. ಅವರ ಹೆಸರಿನ ತುಂಡುಗಳೇ ಸೇರಿ ‘ಪ್ಯಾಂಡ್ರೋಲ್’ ಆಯಿತು. ಹಳಿ ಕೆಲಸದವರ ಬಾಯಲ್ಲಿ ಆ ಹೆಸರೇ ಓಡಾಡುತ್ತದೆ, ಕಾಗದದ ಮೇಲೆ ಅದು ಇ.ಆರ್.ಸಿ. ಭಾರತದ ಮಾರ್ಕ್-3 ಕ್ಲಿಪ್ಪು ಬೆರಳಿಗಿಂತ ತುಸು ದಪ್ಪಗಿನ, ಸುಮಾರು 20 ಮಿಲಿಮೀಟರ್ ವ್ಯಾಸದ ಸರಳು. ಎತ್ತಿ ನೋಡಿದರೆ ಕಿಲೊ ತೂಕವೂ ಇಲ್ಲ, ಆದರೆ ಕೂರಿಸಿದ ಮೇಲೆ 850ರಿಂದ 1100 ಕಿಲೊ ಬಲದಿಂದ ಅದುಮುತ್ತದೆ. ಹಳಿಯ ಕೆಳಗೆ ಗೀರುಗಳಿರುವ ರಬ್ಬರ್ ಪ್ಯಾಡು, ಪಾದದ ಮೇಲೆ ಲೈನರು, ಅದರ ಮೇಲೆ ಕ್ಲಿಪ್ಪಿನ ಹೆಬ್ಬೆರಳು. ಒಂದು ಕಾಂಕ್ರೀಟು ಸ್ಲೀಪರಿಗೆ ನಾಲ್ಕು ಕ್ಲಿಪ್ಪು. ಕಿಲೊಮೀಟರಿಗೆ 1660 ಸ್ಲೀಪರೆಂದರೆ 6640 ಕ್ಲಿಪ್ಪು, ಅದೂ ಒಂದೇ ಹಾದಿಗೆ.

ಆನಿಕೆಗೂ ಕ್ಲಿಪ್ಪಿಗೂ ಇರುವ ವ್ಯತ್ಯಾಸ ನನ್ನ ಮನಸ್ಸಿನಲ್ಲಿ ಬಹಳ ದಿನ ಕೂತಿತ್ತು. ಬ್ರೇಸು ಹಳಿ ಬೀಳುವ ದಿಕ್ಕಿನಲ್ಲಿ ನಿಂತು ತಡೆಯುತ್ತದೆ. ಕ್ಲಿಪ್ಪು ಹಳಿಯ ಎರಡೂ ಮಗ್ಗುಲಲ್ಲಿ ಕೂತು, ಏಳಲು ನೋಡುವ ಅಂಚನ್ನು ಏಳಲು ಬಿಡುವುದಿಲ್ಲ. ತಿರುವಿನಲ್ಲಿ ಹೊರಹಳಿ ಆಚೆಗೆ ವಾಲತೊಡಗಿದರೆ ಮೊದಲು ಎದೆ ಕೊಡುವುದು ಒಳಮಗ್ಗುಲಿನ ಕ್ಲಿಪ್ಪು. ಕ್ಲಿಪ್ಪು ಅದುರಿನ ಜೊತೆ ತಾನೂ ಬಳುಕಿ ಮತ್ತೆ ತನ್ನ ಬಿಗಿಗೆ ಬರುತ್ತದೆ. ಬೆಣೆಗೆ ಆ ಗುಣವಿರಲಿಲ್ಲ, ಅಲುಗಾಡಿದಷ್ಟೂ ಅದು ಸೋಲುತ್ತಿತ್ತು.

ಕ್ಲಿಪ್ಪಿಗೆ ಇನ್ನೊಂದು ಕೆಲಸವೂ ಇದೆ, ಕಲಬುರಗಿಯ ಬೇಸಿಗೆಯಲ್ಲಿ ಅದು ವಾಲುವಿಕೆಯನ್ನು ತಡೆಯುವುದಕ್ಕಿಂತ ಕಡಿಮೆಯದಲ್ಲ. ನೆರಳಿನಲ್ಲಿ 42–43 ಡಿಗ್ರಿ ಇರುವ ಮಧ್ಯಾಹ್ನ ಹಳಿಯ ಉಕ್ಕು 60 ಡಿಗ್ರಿ ಮುಟ್ಟಬಲ್ಲದು. ಹಿಂದೆ 13 ಮೀಟರಿನ ಹಳಿತುಂಡುಗಳ ನಡುವೆ ಸಂದು ಬಿಡುತ್ತಿದ್ದರು. ಕಿಟಕಿ ಪಕ್ಕ ಕೂತವರ ನಿದ್ದೆಗೆ ತಾಳ ಹಾಕುತ್ತಿದ್ದ ಸದ್ದು ಆ ಸಂದುಗಳದು. ಈಗ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡುತ್ತಾರೆ. ಬಿಟ್ಟುಬಿಟ್ಟರೆ 40 ಡಿಗ್ರಿ ಏರಿಳಿತಕ್ಕೆ ಒಂದು ಕಿಲೊಮೀಟರ್ ಹಳಿ 46 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದು ಮೊಳ, ಹಿಗ್ಗಿ ಕುಗ್ಗಬೇಕು. ಬಿಡುವುದಿಲ್ಲವಾದ್ದರಿಂದ ಆ ಹಿಗ್ಗು ಒಳಗೇ ಒತ್ತಡವಾಗಿ ಕೂರುತ್ತದೆ. ಬೆಸೆದು ಬಿಗಿದ ದಿನದ ತಾಪಕ್ಕಿಂತ 30 ಡಿಗ್ರಿ ಏರಿದರೆ 60 ಕಿಲೊ ಹಳಿಯೊಂದರಲ್ಲಿ ಸುಮಾರು 57 ಟನ್ ಒತ್ತಡ. ಅದು ಎಲ್ಲಿಯಾದರೂ ದುರ್ಬಲ ಜಾಗ ಕಂಡರೆ ಹಳಿಯನ್ನು ಹಾವಿನಂತೆ ಬಳುಕಿಸಿಬಿಡುತ್ತದೆ. ಕ್ಲಿಪ್ಪು ಹಳಿಯನ್ನು ಸ್ಲೀಪರಿಗೆ ಒಪ್ಪಿಸಬೇಕು, ಸ್ಲೀಪರನ್ನು ಕರಿಕಲ್ಲಿನ ಖಡಿ ಹಿಡಿಯಬೇಕು. ಮೊದಲ ಹಿಡಿತ ಎರಡನೆಯದಕ್ಕಿಂತ ಗಟ್ಟಿಯಿರಬೇಕೆಂಬುದು ನಿಯಮ: ಸರಿಯುವುದಾದರೆ ಹಳಿ ಸ್ಲೀಪರನ್ನು ಜೊತೆಗೆ ಕರೆದುಕೊಂಡೇ ಸರಿಯಬೇಕು, ಅದನ್ನು ಬಿಟ್ಟು ಜಾರಬಾರದು. ಹಳಿಯ ತಾಪ ಬಿಗಿದ ದಿನದ ತಾಪಕ್ಕಿಂತ 20 ಡಿಗ್ರಿ ದಾಟಿತೆಂದರೆ ಉರಿಬಿಸಿಲಿನಲ್ಲೇ ಗಸ್ತು ಶುರು. ನಾವು ಬಾಗಿಲು ಮುಚ್ಚಿ ಫ್ಯಾನಿನ ಕೆಳಗೆ ಒರಗುವ ಹೊತ್ತಿನಲ್ಲಿ ಹಳಿಗಸ್ತಿನವರು ಹೊರಗಿರುತ್ತಾರೆ.

ಮೇಲೆ ಇಷ್ಟಾದರೆ ಕೆಳಗೆ ನೆಲವೂ ಸುಮ್ಮನಿರುವುದಿಲ್ಲ. ಆಳಂದದ ತೊಗರಿ, ಜೇವರ್ಗಿಯ ಹತ್ತಿ, ಅಫಜಲಪುರದ ಕಬ್ಬು ಎಲ್ಲಕ್ಕೂ ತಾಯಿಯಾದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಬೇಸಾಯಕ್ಕೆ ವರವಾದ ಗುಣ ಹಳಿಗೆ ಕಂಟಕ. ಒಂದು ಬದಿಯ ಮಣ್ಣು ತುಸು ಕುಸಿದರೂ ಮೇಲಿನ ಎರಡು ಹಳಿಗಳ ಮಟ್ಟ ಕೆಡುತ್ತದೆ, ಭಾರ ಒಂದೇ ಕಡೆ ಬೀಳುತ್ತದೆ, ಆ ಬದಿಯ ಕ್ಲಿಪ್ಪುಗಳಿಗೆ ದುಡಿತ ಹೆಚ್ಚುತ್ತದೆ. ಅದಕ್ಕೇ ಹೊಸ ಮಾರ್ಗ ಕಟ್ಟುವಾಗ ಎರೆಮಣ್ಣಿನ ದಂಡೆಯ ಮೇಲೆ ಗರಸು, ಮರಳಿನಂಥ ಒರಟು ಮಣ್ಣಿನ ದಪ್ಪ ಹೊದಿಕೆ ಹಾಸಿ ಆಮೇಲೆ ಖಡಿ ಸುರಿಯುತ್ತಾರೆ. 1997–98ರಲ್ಲಿ ಮಂಜೂರಾದ 110 ಕಿಲೊಮೀಟರಿನ ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ತಡಕ್ಕೆ ಹಣ, ಜಮೀನು, ರಾಜಕಾರಣ ಎಂದು ಅನೇಕ ಹೆಸರುಗಳಿವೆ. ಆದರೂ ಆಳಂದಕ್ಕೋ ಜೇವರ್ಗಿಗೋ ನಾಳೆ ಹಳಿ ಬರುವುದಾದರೆ ಮೊದಲ ಮಾತುಕತೆ ಈ ಮಣ್ಣಿನ ಜೊತೆಗೇ ಆಗಬೇಕು.

ಸಣ್ಣ ತುಂಡೊಂದು ಸಡಿಲಾದರೆ ಏನಾಗುತ್ತದೆಂಬುದನ್ನು ದೊಡ್ಡ ದೇಶಗಳೂ ಪೆಟ್ಟು ತಿಂದೇ ಕಲಿತವು. 2002ರ ಮೇ 10ರಂದು ಇಂಗ್ಲೆಂಡಿನ ಪಾಟರ್ಸ್ ಬಾರ್‌ನಲ್ಲಿ ಪಾಯಿಂಟಿನ ನಾಲಗೆಹಳಿಗಳ ಅಂತರ ಕಾಯುವ ಸರಳುಗಳ ನಟ್ಟು ಸಡಿಲಾಗಿ, ಓಡುವ ರೈಲಿನ ಕೆಳಗೇ ಪಾಯಿಂಟು ಕದಲಿತು. ಏಳು ಜನ ಸತ್ತರು. 2013ರ ಜುಲೈ 12ರಂದು ಪ್ಯಾರಿಸ್ಸಿನ ಹತ್ತಿರದ ಬ್ರೆತಿನ್ಯಿಯಲ್ಲಿ ಎರಡು ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟಿನ ಬೋಲ್ಟುಗಳು ಕಳಚಿ, ಪ್ಲೇಟು ಹೊರಳಿ ಚಕ್ರದ ದಾರಿಗೆ ಅಡ್ಡ ನಿಂತಿತು. ಅಲ್ಲೂ ಏಳು ಜನ.  ಸಡಿಲಾದದ್ದನ್ನು ಸರಿಯಾದ ಹೊತ್ತಿಗೆ ಕಂಡು ಬಿಗಿಯುವ ಕೆಲಸ ಎರಡೂ ಕಡೆ ಆಗಲಿಲ್ಲ.

ಆ ಕೆಲಸ ಇಲ್ಲಿ ಕೀಮ್ಯಾನರದು. ಅವರು ತಮ್ಮ ಪಾಲಿನ ಹಾದಿಯನ್ನು ದಿನಕ್ಕೊಮ್ಮೆ ನಡೆದೇ ನೋಡಬೇಕು. ಹೋಗುವಾಗ ಒಂದು ಹಳಿ, ಬರುವಾಗ ಎದುರಿನ ಹಳಿ. ಎರಡೂ ಹಳಿಗೆ ಕಣ್ಣು ಸಮನಾಗಿ ಸಿಗಲೆಂದು ಕೈಪಿಡಿಯಲ್ಲೇ ಹಾಗೆ ಬರೆದಿದೆ. ಜಾರಿದ ಕ್ಲಿಪ್ಪನ್ನು ಸುತ್ತಿಗೆಯಿಂದ ಒಳಕ್ಕೆ ಬಡಿಯಬೇಕು, ತುಂಡಾದದ್ದನ್ನು ಬದಲಿಸಬೇಕು, ಲೈನರ್ ಸರಿದಿದ್ದರೆ ಕೂರಿಸಬೇಕು. ನಿಗದಿತ ಅವಧಿಗೊಮ್ಮೆ ಗ್ಯಾಂಗಿನವರು ಪ್ರತಿ ಕ್ಲಿಪ್ಪನ್ನೂ ಕಳಚಿ, ತುಕ್ಕು ಒರೆಸಿ, ಗ್ರಾಫೈಟ್ ಗ್ರೀಸು ಸವರಿ ಮತ್ತೆ ಕೂರಿಸುತ್ತಾರೆ. ಹಾಗೆ ಮಾಡದಿದ್ದರೆ ತುಕ್ಕು ಹಿಡಿದು ಕ್ಲಿಪ್ಪು ಅಲ್ಲೇ ಗಂಟು ಬೀಳುತ್ತದೆ, ಆಮೇಲೆ ಹಿಡಿದಿದೆಯೋ ಹಿಡಿದಂತೆ ತೋರುತ್ತಿದೆಯೋ ಹೊರಗಿನಿಂದ ತಿಳಿಯದು. ಕಿಲೊಮೀಟರಿಗೆ 6640 ಎಂಬ ಲೆಕ್ಕದ ಭಾರ ಬೀಳುವುದು ಆ ಕೈಗಳ ಮೇಲೆ.

ಹಳಿ ಮುರಿದದ್ದು ಕಂಡಿತೋ, ಅವರೊಬ್ಬರೇ ಇಡೀ ರೈಲನ್ನು ನಿಲ್ಲಿಸಬೇಕು. ಕೆಂಪು ಬಾವುಟ ನೆಟ್ಟು, ಗಾಡಿ ಬರುವ ದಿಕ್ಕಿಗೆ ಓಡುತ್ತಾರೆ. 600 ಮೀಟರಿಗೆ ಹಳಿಯ ಮೇಲೆ ಒಂದು ಡಿಟೊನೇಟರ್ ಕಟ್ಟಿ ಮುಂದೆ ಓಡಿ, 1200 ಮೀಟರಿಗೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಕಟ್ಟುತ್ತಾರೆ. ಚಕ್ರ ಹತ್ತಿದೊಡನೆ ಸಿಡಿಯುವ ಆ ಸದ್ದಿಗೆ ಚಾಲಕ ಬ್ರೇಕ್ ಹಾಕಬೇಕು. ಖಡಿಯ ಮೇಲೆ, ಮೇ ತಿಂಗಳ ಬಿಸಿಲಲ್ಲಿ, ಚೀಲ ಹೊತ್ತು ಒಂದು ಕಿಲೊಮೀಟರಿಗೂ ಮೀರಿದ ಓಟ. ಹಳಿಯ ಮೇಲೆಯೇ ಪ್ರಾಣ ಕಳೆದುಕೊಂಡ ನೌಕರರು ದೇಶದಲ್ಲಿ ಎಷ್ಟೋ ಜನ. ಜೋಡಿ ಹಳಿಯ ಮೇಲೆ ಒಂದು ಗಾಡಿಗೆ ದಾರಿ ಬಿಟ್ಟು ನಿಂತವರಿಗೆ ಇನ್ನೊಂದರ ಸದ್ದು ಕೇಳದೆ ಹೋಗಬಹುದು. ವಿದ್ಯುತ್ ಗಾಡಿ ಡೀಸೆಲ್‌ನಷ್ಟು ಗದ್ದಲವನ್ನೂ ಮಾಡುವುದಿಲ್ಲ. ಗಾಡಿ ಹತ್ತಿರವಾದಾಗ ಎಚ್ಚರಿಸುವ ಸಾಧನ ಪ್ರತಿಯೊಬ್ಬ ಕೀಮ್ಯಾನರ ಮೈಮೇಲೂ ಇರಬೇಕು. ಹೊಸ ಮಾರ್ಗ ಕೇಳುವ ದನಿಯಲ್ಲೇ ಇದನ್ನೂ ನಾವು ಕೇಳಬೇಕು.

ಗಾಣಗಾಪುರ ರೋಡಿನಲ್ಲಿ ದರ್ಶನ ಮುಗಿಸಿದವರು ಸಂಜೆ ಮತ್ತೆ ಪ್ಲಾಟ್‌ಫಾರ್ಮಿಗೆ ಬರುತ್ತಾರೆ. ಗಾಡಿ ಬರುವ ಮೊದಲು ತುಸು ಬಾಗಿ ನೋಡಿದರೆ ಕಾಣುತ್ತದೆ: ಸ್ಲೀಪರಿನ ಮೇಲೆ ಸಾಲಾಗಿ ಕೂತ ಕ್ಲಿಪ್ಪುಗಳು ದುಧನಿಯ ಕಡೆಗೂ ಕಲಬುರಗಿಯ ಕಡೆಗೂ ಕಣ್ಣು ಹೋಗುವಷ್ಟು ದೂರ ಇವೆ. ಹೆಚ್ಚಿನವು ಮಣ್ಣಿನ ಬಣ್ಣಕ್ಕೆ ತಿರುಗಿವೆ. ಅಲ್ಲೊಂದು ಇಲ್ಲೊಂದರ ತಲೆಯ ಮೇಲೆ ಮಾತ್ರ ಹೊಳೆಯುವ ಗುರುತು, ಬೆಳಿಗ್ಗೆ ಸುತ್ತಿಗೆ ಬಿದ್ದ ಜಾಗ.