ಜೀವಕೋಶದೊಳಗಿನ ರೇಡಿಯೋ

ನಿಲಯದಿಂದ ಹೊರಟ ಅಲೆಗಳು ಬೀದಿಯ ಎಲ್ಲ ಮನೆಗಳನ್ನೂ ಹಾಯುತ್ತವೆ. ಹಾಡು ಕೇಳಿಸುವುದು ರೇಡಿಯೋ ಇರುವ ಮನೆಯಲ್ಲಿ ಮಾತ್ರ. ಹಾರ್ಮೋನುಗಳ ವಿಷಯವೂ ಹೀಗೆಯೇ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ರಕ್ತದೊಡನೆ ಎಲ್ಲೆಡೆ ಹರಿದರೂ, ಅದರ ಮಾತು ತಲಪುವುದು ‘ಗ್ರಾಹಕ’ವೆಂಬ ಪ್ರೋಟೀನು ಇರುವ ಜೀವಕೋಶಗಳಿಗೆ ಮಾತ್ರ. 1950ರ ದಶಕದ ಕೊನೆಯಲ್ಲಿ ಷಿಕಾಗೋ ನಗರದಲ್ಲಿ ಎಲ್ವುಡ್ ಜೆನ್ಸನ್ ಇದನ್ನು ಕಂಡುಹಿಡಿದರು.

ಸ್ತನದ ಕ್ಯಾನ್ಸರ್ ಗಡ್ಡೆಯಲ್ಲಿ ಗ್ರಾಹಕವಿದ್ದರೆ, ಟಮಾಕ್ಸಿಫೆನ್‌ನಂಥ ಮದ್ದು ಈಸ್ಟ್ರೊಜೆನ್ನಿಗೆ ಅಡ್ಡನಿಂತು ಗಡ್ಡೆಯನ್ನು ತಡೆಯಬಲ್ಲದು. ಇಲ್ಲದಿದ್ದರೆ ಆ ಮದ್ದಿನಿಂದ ಫಲವಿಲ್ಲ. ಇದನ್ನು ಹುಡುಕಿ ಹೇಳುವ ಸಾಕ್ಷಿಯೇ ಪ್ರತಿಕಾಯ. ರೋಗಾಣುಗಳನ್ನು ಗುರುತುಹಿಡಿಯಲು ಶರೀರ ತಯಾರಿಸುವಂಥ ಪ್ರೋಟೀನು ಇದು. ಗ್ರಾಹಕಕ್ಕೆ ಅಂಟುವ ಏಕರೂಪದ ಪ್ರತಿಕಾಯಗಳನ್ನು 1980ರಲ್ಲಿ ಜೆಫ್ರಿ ಗ್ರೀನ್, ಜೆನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದರು. ಗಡ್ಡೆಯ ತೆಳುಪದರಕ್ಕೆ ಪ್ರತಿಕಾಯವನ್ನು ಹಾಕಿ ಬಣ್ಣಗಟ್ಟಿಸಿದರೆ, ಗ್ರಾಹಕವಿರುವ ಕೋಶಕೇಂದ್ರಗಳು ಕಂದಾಗಿ ಕಾಣುತ್ತವೆ.

ಆದರೆ ಸಾಕ್ಷಿಯೇ ತಪ್ಪು ಹೇಳಿದರೆ? ಈಸ್ಟ್ರೊಜೆನ್ನಿನ ಎರಡನೆಯ ಗ್ರಾಹಕವೊಂದು 1996ರಲ್ಲಿ ತಿಳಿದುಬಂತು. ಅದನ್ನು ಹುಡುಕಲು ಬಳಸುತ್ತಿದ್ದ 13 ಪ್ರತಿಕಾಯಗಳನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ವರದಿಮಾಡಿದಾಗ, ನಂಬಲರ್ಹವಾಗಿ ಉಳಿದದ್ದು ಒಂದೇ ಒಂದು! ಚಿನ್ನವನ್ನು ಒರೆಗೆ ಹಚ್ಚದೆ ನೀವು ಕೊಳ್ಳುವುದಿಲ್ಲವಷ್ಟೆ. ಪ್ರತಿಕಾಯವನ್ನೂ ಹಾಗೆಯೇ, ಗ್ರಾಹಕ ಇದೆಯೆಂದು ಗೊತ್ತಿರುವ ಕೋಶದ ಮೇಲೂ ಇಲ್ಲವೆಂದು ಗೊತ್ತಿರುವ ಕೋಶದ ಮೇಲೂ ಒರೆಹಚ್ಚಿಯೇ ನಂಬಬೇಕು.