ಪ್ರಶ್ನೆಪಟ್ಟಿ ಬದಿಗಿಟ್ಟು ಕೇಳುವ ಸಂಶೋಧನೆ

ಬ್ಯಾಡಗಿ ತಾಲೂಕಿನ ಕದರಮಂಡಲಗಿಯ ರೈತರೊಬ್ಬರನ್ನು ‘ಬ್ಯಾಡಗಿ ಮೆಣಸಿನಕಾಯಿ ಬೆಳೆಯೋದು ಯಾಕ ಬಿಟ್ರಿ?’ ಎಂದು ಕೇಳಬೇಕಾಗಿದೆ ಎನ್ನಿ. ಕೈಯಲ್ಲಿರುವ ನಮೂನೆಯಲ್ಲಿ ಮಳೆ, ರೋಗ, ದರ ಎಂಬ ಮೂರೇ ಉತ್ತರಗಳಿದ್ದರೆ ಒಂದಕ್ಕೆ ಗುರುತು ಬೀಳುತ್ತದೆ, ಕೆಲಸ ಮುಗಿಯುತ್ತದೆ. ಅದನ್ನು ಬಿಟ್ಟು ‘ಮೆಣಸಿನಕಾಯಿ ಬೆಳೀತಿದ್ದಾಗಿನ ಸಂಗತಿ ಹೇಳ್ರಿ’ ಎಂದು ಸುಮ್ಮನೆ ಕುಳಿತರೆ, ಮಾತು ಹಣ್ಣು ಬಿಡಿಸುವ ಆಳುಗಳ ಕೂಲಿಗೆ, ಕಣದಲ್ಲಿ ಒಣಹಾಕಿದ ಕಾಯಿ ನೆನೆದದ್ದಕ್ಕೆ, ಮಗಳ ಮದುವೆಯ ಸಾಲಕ್ಕೆ, ಗೋವಿನಜೋಳದ ಕಡೆಗೆ ಹೊರಳಬಹುದು. ನಮೂನೆ ತಯಾರಿಸಿದವರಿಗೆ ಹೊಳೆಯದ ಕಾರಣ ಸಿಗುವುದು ಅಲ್ಲೇ. ಸಮಾಜಶಾಸ್ತ್ರದಲ್ಲಿ ಇದು ಮುಕ್ತ ಸಂದರ್ಶನ.

ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಲ್ಲಿ ಕಾರ್ಮಿಕರ ಸಂದರ್ಶನ ಶುರುವಾದಾಗ ಪ್ರಶ್ನೆಗಳು ಮೊದಲೇ ಸಿದ್ಧವಿದ್ದವು. ಕಾರ್ಮಿಕರು ಮಾತ್ರ ತಮ್ಮ ಮನಸ್ಸಿನಲ್ಲಿದ್ದ ವಿಷಯಕ್ಕೇ ಮತ್ತೆ ಮತ್ತೆ ಹೋದರು. ಪಟ್ಟಿ ಬಿಟ್ಟು ಕಿವಿಗೊಟ್ಟ ಮೇಲೆ ಅರ್ಧ ಗಂಟೆಯ ಮಾತು ಒಂದೂವರೆ ಗಂಟೆಗೆ ಬೆಳೆಯಿತು.

ಆದರೆ ಹೀಗೆ ಸಿಕ್ಕ ಮಾತುಗಳನ್ನು ಎಣಿಸುವುದು ಕಷ್ಟ. ಒಬ್ಬರು ಸಾಲದ ಮಾತೆತ್ತಿ, ಇನ್ನೊಬ್ಬರು ಎತ್ತದಿದ್ದರೆ, ಎರಡನೆಯವರಿಗೆ ಸಾಲವೇ ಇಲ್ಲವೆಂದು ಹೇಳಲಾಗದು. ಅವರನ್ನು ಆ ಪ್ರಶ್ನೆ ಯಾರೂ ಕೇಳಿಯೇ ಇಲ್ಲ. ಇದಕ್ಕಿಂತ ದೊಡ್ಡ ತೊಡಕು, ಕೇಳುವವರು ಯಾರು, ಯಾರ ಮನೆಯಲ್ಲಿ ಕುಳಿತು ಕೇಳುತ್ತಾರೆ ಎಂಬುದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ‘ರಾಂಪುರ’ ಎಂದು ಹೆಸರಿಟ್ಟು ಬರೆದರು. ಇಳಿದುಕೊಂಡದ್ದು ಊರ ಮುಖಂಡನ ಆಶ್ರಯದಲ್ಲಿ, ತಾವು ಬ್ರಾಹ್ಮಣ. ಮೇಲ್ಜಾತಿಯ ಗಂಡಸರ ಮಾತು ಸಿಕ್ಕಷ್ಟು ಸಲೀಸಾಗಿ ದಲಿತರ, ಹೆಂಗಸರ ಮಾತು ತಮಗೆ ಸಿಗಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ನನಗೆ ಅವರ ಆ ಬರಹದಷ್ಟೇ ಮುಖ್ಯ. ಬ್ಯಾಡಗಿ ಸುತ್ತಲೂ ಹೀಗೇ: ಕಟ್ಟೆಯ ಮೇಲೆ ದರದ ಮಾತಾಡುವವರು ಗಂಡಸರು, ದಿನವಿಡೀ ಘಾಟಿನಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುವವರು ಹೆಂಗಸರು. ಕಟ್ಟೆಯಲ್ಲಷ್ಟೇ ಕುಳಿತ ಸಂಶೋಧಕರಿಗೆ ಕೂಲಿಯ ಕಥೆ ಅರ್ಧವೇ ದಕ್ಕೀತು.

ಹಾಗೆಂದು ನಮೂನೆಗೇ ಮರಳಬೇಕಿಲ್ಲ. ಜನಸಂಖ್ಯಾ ಸಂಶೋಧಕರಾದ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಕ್ಷಿಣ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಮದುವೆಯ ವಯಸ್ಸು, ಮಕ್ಕಳ ಸಂಖ್ಯೆ ಏಕೆ ಬದಲಾಗುತ್ತಿವೆ ಎಂದು ಅಧ್ಯಯನ ಮಾಡಿದಾಗ ನಮೂನೆ, ಮುಕ್ತ ಮಾತು ಎರಡನ್ನೂ ಜೋಡಿಸಿದರು. ಮನೆಗಳ ಲೆಕ್ಕ ಸಮೀಕ್ಷೆಯಿಂದ ಬಂತು. ಕಾರಣ ಹುಡುಕಲು ಅವರು ಅದೇ ಮನೆಗಳಿಗೆ ಮತ್ತೆ ಹೋಗಿ, ಬಿಡುವಾಗಿ ಕುಳಿತು ಮಾತಾಡಿದರು.