ನೂರ ಮೂವತ್ತು ಡಾಲರಿಗೆ ಮಾರಾಟವಾದ ಸೂಪರ್‌ಮ್ಯಾನ್

ಕೆಂಪು ಹೊದಿಕೆಯನ್ನು ಗಾಳಿಗೆ ಹಾರಿಸುತ್ತ ಆಕಾಶಕ್ಕೆ ನೆಗೆಯುವ ಸೂಪರ್‌ಮ್ಯಾನ್‌ನನ್ನು ಮನೆಯ ಮಕ್ಕಳು ಟಿ.ವಿ.ಯ ಮುಂದೆ ಮೈಮರೆತು ನೋಡುವುದನ್ನು ನಾವೆಲ್ಲರೂ ಬಲ್ಲೆವು. ಅವನು ಎಲ್ಲಿಂದ ಬಂದನೆಂದು ಕೇಳಿದರೆ, ಕ್ರಿಪ್ಟಾನ್ ಎಂಬ ಗ್ರಹದಿಂದ ಎಂದು ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ಅವನನ್ನು ಸೃಷ್ಟಿಸಿದವರು ಯಾರೆಂದು ಕೇಳಿದರೆ ಮಕ್ಕಳಿರಲಿ, ಹಿರಿಯರಾದ ನಾವೂ ಮೌನ ತಾಳುತ್ತೇವೆ. ಆ ಮೌನದ ಹಿಂದೆ ದುಡಿಮೆಯ ಬೆಲೆಯನ್ನು ಕುರಿತ ಕಥೆಯೊಂದಿದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಸಹಪಾಠಿಗಳಿದ್ದರು. ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಸೀಗೆಲ್ ಕಥೆ ಬರೆದರೆ ಶುಸ್ಟರ್ ಚಿತ್ರ ಬಿಡಿಸುತ್ತಿದ್ದನು. ಪ್ರಕಾಶಕರು ಮತ್ತೆ ಮತ್ತೆ ತಿರಸ್ಕರಿಸಿದ ಸೂಪರ್‌ಮ್ಯಾನ್ ಕಥೆಗೆ 1938ರಲ್ಲಿ ಕೊನೆಗೂ ಬೇಡಿಕೆ ಬಂದಿತು. 13 ಪುಟಗಳಿಗೆ 130 ಡಾಲರ್ ಸಂಭಾವನೆ; ಪ್ರತಿಯಾಗಿ ಪಾತ್ರದ ಸಕಲ ಹಕ್ಕುಗಳೂ ಪ್ರಕಾಶಕರಿಗೆ. ಎಳೆಯ ವಯಸ್ಸಿನ ಇಬ್ಬರೂ ಒಪ್ಪಿ ಸಹಿ ಹಾಕಿದರು. ಅದೇ ವರ್ಷ 'ಆ್ಯಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಲೋಕಕ್ಕೆ ಕಾಣಿಸಿಕೊಂಡನು. ಸಂಚಿಕೆಯ ಬೆಲೆ ಕೇವಲ 10 ಸೆಂಟ್.

ಮುಂದೆ ಆ ಪಾತ್ರ ಪುಸ್ತಕದ ಪುಟಗಳಲ್ಲಿ ನಿಲ್ಲಲಿಲ್ಲ. 1940ರಲ್ಲಿ ರೇಡಿಯೋ ಧಾರಾವಾಹಿಯಾಗಿ ಮನೆಮನೆಯನ್ನು ಸೇರಿತು. ಅವನ ಬಲವನ್ನು ಕುಂದಿಸುವ 'ಕ್ರಿಪ್ಟೊನೈಟ್' ಎಂಬ ವಸ್ತು 1943ರಲ್ಲಿ ಮೊದಲು ಕೇಳಿಬಂದುದು ರೇಡಿಯೋದಲ್ಲಿಯೇ; ಕಾಮಿಕ್ಸ್ ಪುಸ್ತಕಕ್ಕೆ ಅದು ಬಂದುದು 1949ರಲ್ಲಿ. 1946ರ ರೇಡಿಯೋ ಕಥೆಯೊಂದರಲ್ಲಿ ಸೂಪರ್‌ಮ್ಯಾನ್ ಚೀನೀ ಮೂಲದ ಕುಟುಂಬವೊಂದರ ಪರವಾಗಿ ನಿಂತು, ಜನಾಂಗದ್ವೇಷ ಸಾರುವ ಗುಪ್ತ ಸಂಘವನ್ನು ಎದುರಿಸಿದನು. ಏಳು ದಶಕಗಳ ಬಳಿಕ, 2019ರಲ್ಲಿ, ಆ ಕಥೆಯೇ ಕಾಮಿಕ್ಸ್ ರೂಪ ತಳೆಯಿತು. ಇಂದಿನ ಪಾಡ್‌ಕಾಸ್ಟ್‌ಗಳೂ ಇದೇ ಹಾದಿಯಲ್ಲಿವೆ. ವುಲ್ವರೀನ್ ಎಂಬ ಇನ್ನೊಬ್ಬ ಕಾಮಿಕ್ಸ್ ನಾಯಕನ ಸಾಹಸ 2018ರಲ್ಲಿ ಪಾಡ್‌ಕಾಸ್ಟ್ ಆಗಿ ಪ್ರಸಾರವಾಗಿ, ಅನಂತರ ಪುಸ್ತಕವಾಯಿತು.

1952ರಿಂದ 1958ರವರೆಗೆ ಸೂಪರ್‌ಮ್ಯಾನ್ ಟೆಲಿವಿಷನ್ ಧಾರಾವಾಹಿಯೂ ನಡೆಯಿತು. ಪಾತ್ರ ಹೀಗೆ ಬೆಳೆಯುತ್ತಿದ್ದಾಗ ಪಾತ್ರ ಕೊಟ್ಟವರ ಗತಿಯೇನಾಯಿತು? ತಮ್ಮ ಪಾಲಿಗಾಗಿ ಸೀಗೆಲ್ ಮತ್ತು ಶುಸ್ಟರ್ 1947ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಹಕ್ಕು ಮರಳಲಿಲ್ಲ, ಕಥೆಗಳ ಮೇಲಿದ್ದ ಅವರ ಹೆಸರೂ ಮಾಯವಾಯಿತು. 1970ರ ದಶಕದಲ್ಲಿ ಸೀಗೆಲ್ ಲಾಸ್ ಏಂಜಲೀಸ್‌ನಲ್ಲಿ ಗುಮಾಸ್ತರಾಗಿ ದುಡಿಯುತ್ತಿದ್ದರು. ಚಿತ್ರ ಬಿಡಿಸಿದ ಶುಸ್ಟರ್ ಅವರ ಕಣ್ಣುಗಳು ಬಹುಮಟ್ಟಿಗೆ ಮಂದವಾಗಿದ್ದವು.

ಕೋಟಿಗಟ್ಟಲೆ ವೆಚ್ಚದ ಸೂಪರ್‌ಮ್ಯಾನ್ ಚಲನಚಿತ್ರವು ಸಿದ್ಧವಾಗಲಿದೆ ಎಂಬ ಸುದ್ದಿ 1975ರಲ್ಲಿ ಬಂದಾಗ ಸೀಗೆಲ್ ತಮ್ಮ ಅಳಲನ್ನು ಪತ್ರಿಕೆಗಳಿಗೆ ಬರೆದರು. ಜೆರ್ರಿ ರಾಬಿನ್ಸನ್, ನೀಲ್ ಆಡಮ್ಸ್ ಮೊದಲಾದ ವ್ಯಂಗ್ಯಚಿತ್ರ ಹಾಗೂ ಕಾಮಿಕ್ಸ್ ಕಲಾವಿದರು ಅವರ ಪರವಾಗಿ ನಿಂತರು. ಸಾರ್ವಜನಿಕರ ಅಭಿಪ್ರಾಯಕ್ಕೆ ಮಣಿದ ಸಂಸ್ಥೆಯು ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ನಿವೃತ್ತಿ ವೇತನ ಕೊಡಲು ಒಪ್ಪಿತು. ಅಳಿಸಿದ್ದ ಹೆಸರನ್ನೂ ಮರಳಿ ಮುದ್ರಿಸಿತು. 1978ರಲ್ಲಿ ಚಿತ್ರವು ತೆರೆಗೆ ಬಂದಾಗ ಆ ಎರಡು ಹೆಸರುಗಳು ಪರದೆಯ ಮೇಲೆ ಮೂಡಿದವು. ಶುಸ್ಟರ್ 1992ರಲ್ಲಿ, ಸೀಗೆಲ್ 1996ರಲ್ಲಿ ನಿಧನರಾದರು. 10 ಸೆಂಟಿನ ಆ ಮೊದಲ ಸಂಚಿಕೆಯ ಪ್ರತಿಯೊಂದು 2014ರಲ್ಲಿ 32 ಲಕ್ಷ ಡಾಲರಿಗೆ ಹರಾಜಾಯಿತು.

ಕಾಯಕವನ್ನು ಗೌರವಿಸುವ ಮನೆಗಳಿಗೆ ಈ ಕಥೆ ಪರಕೀಯವಲ್ಲ. ದುಡಿದವನಿಗೆ ಕೂಲಿ ಸಂದರೆ ಸಾಲದು, ಅವನ ಹೆಸರೂ ಉಳಿಯಬೇಕು. ಸೂಪರ್‌ಮ್ಯಾನ್ ಕೈಯಿಂದಲೂ ಆಗದ ಈ ಕೆಲಸವನ್ನು ಮಾಡಿದವರು ಸಹೃದಯರಾದ ಸಾಮಾನ್ಯ ಜನರು. ಮಕ್ಕಳು ಚಿತ್ರ ನೋಡುವುದನ್ನು ನಾವು ತಡೆಯಬೇಕಾಗಿಲ್ಲ. ಚಿತ್ರದ ಮೊದಲಿಗೋ ಕೊನೆಗೋ ಹೆಸರುಗಳ ಪಟ್ಟಿ ಬಂದಾಗ ಎದ್ದುಹೋಗದೆ, ಅವರ ಪಕ್ಕದಲ್ಲಿ ಕುಳಿತು ಅದನ್ನು ಓದಿ ಹೇಳೋಣ.